ಒಂದೇ ಮೊಬೈಲ್, ನಲವತ್ತು ಉತ್ತರ: ನಾಳೆಯ ಶಿಕ್ಷಕರು ತಂತ್ರಜ್ಞಾನವನ್ನು ಎಲ್ಲಿಂದ ಕಲಿಯಬೇಕು?

ತರಗತಿಯ ತಂತ್ರಜ್ಞಾನವನ್ನು ಅದರ ಹೆಸರು, ಬೆಲೆ, ಹೊಸತನಗಳಿಂದ ಅಳೆಯುವ ಬದಲು ಮಾಹಿತಿ ಯಾರಿಂದ ಯಾರ ಕಡೆಗೆ ಹರಿಯುತ್ತಿದೆ ಎಂದು ನೋಡಿದರೆ ಬಹಳಷ್ಟು ಗೊಂದಲ ತಿಳಿಯಾಗುತ್ತದೆ. ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಸ್ಲೈಡು, ವಿಡಿಯೊ ಇವೆಲ್ಲ ಶಿಕ್ಷಕರಿಂದ ಮಕ್ಕಳ ಕಡೆಗೆ ಸಾಗಿಸುವ ಸಾಧನಗಳು. ಮಕ್ಕಳು ಏನನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಎಂಬುದನ್ನು ಶಿಕ್ಷಕರ ಕಡೆಗೆ ತರುವ ಸಾಧನಗಳು ಬೇರೆಯೇ ಇವೆ. ಬಿ.ಎಡ್. ಅಥವಾ ಡಿ.ಎಲ್.ಎಡ್. ಎಂಬ ಶಿಕ್ಷಕ ತರಬೇತಿ ಕೋರ್ಸುಗಳನ್ನು ಓದುತ್ತಿರುವವರು ಮೊದಲ ಗುಂಪನ್ನು ಬೇಗ ಕಲಿಯುತ್ತಾರೆ. ಅಭ್ಯಾಸ ಪಾಠದ ದಿನ ಪರೀಕ್ಷಕರ ಕಣ್ಣಿಗೆ ಬೀಳುವುದು ಅದೇ. ಆದರೆ ಮೊದಲು ಕಲಿಯಬೇಕಾದದ್ದು ಎರಡನೆಯ ಗುಂಪನ್ನು ಎಂಬುದು ನನ್ನ ದೃಢ ಅಭಿಪ್ರಾಯ. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು.

ಬೃಹನ್ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ, ಕನ್ನಡ ಅವುಗಳಲ್ಲಿ ಒಂದು. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯಂಥ ಸಂಸ್ಥೆಗಳನ್ನು ಕನ್ನಡಿಗರೇ ಕಟ್ಟಿ ಬೆಳೆಸಿದರು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಸಂಜೆ ಓದಿದ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗಳ ಇತಿಹಾಸವೂ ಈ ನಗರಕ್ಕಿದೆ. ಇಂಥ ಶಾಲೆಯ ಒಂದೇ ಬೆಂಚಿನಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳೂ, ಮನೆಯಲ್ಲಿ ತುಳು ಆಡುವ ಕರಾವಳಿಯ ಹುಡುಗನೂ, ಓಣಿಯಲ್ಲಿ ದಿನವಿಡೀ ಹಿಂದಿ ಮರಾಠಿಯಲ್ಲೇ ಆಡಿ ಬೆಳೆದ ಮಗುವೂ ಕೂತಿರಬಹುದು. ಶಿಕ್ಷಕಿ ಪ್ರಶ್ನೆ ಕೇಳಿದಾಗ ಮಗು ಸುಮ್ಮನಿದ್ದರೆ ಅದಕ್ಕೆ ಕನಿಷ್ಠ ಎರಡು ಕಾರಣಗಳಿರಬಹುದು. ಗಣಿತದ ವಿಷಯವೇ ತಿಳಿದಿಲ್ಲ, ಅಥವಾ ಗಣಿತ ತಿಳಿದಿದೆ, ಪ್ರಶ್ನೆಯ ಗ್ರಾಂಥಿಕ ಕನ್ನಡ ತಿಳಿದಿಲ್ಲ. ಎರಡಕ್ಕೂ ಬೇಕಾದ ನೆರವು ಬೇರೆ ಬೇರೆ. ಮೌನವನ್ನು ನೋಡಿ ಯಾವುದು ಯಾವುದೆಂದು ಹೇಳಲಾಗದು. ಮುಂದಿನ ಸಾಲಿನ ಐದಾರು ಮಕ್ಕಳು ಕೈ ಎತ್ತಿ ಸರಿಯುತ್ತರ ಹೇಳಿದರೆ ಇಡೀ ತರಗತಿಗೆ ತಿಳಿಯಿತು ಎಂಬ ಭ್ರಮೆ ಹುಟ್ಟುತ್ತದೆ. ಹೊಸ ಶಿಕ್ಷಕರು ಪಾಠ ಮುಗಿಸುವ ಅವಸರದಲ್ಲಿ ಆ ಭ್ರಮೆಯನ್ನೇ ನೆಚ್ಚಿಕೊಳ್ಳುತ್ತಾರೆ.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯ ಮೂಲಕ ಬಿ.ಎಡ್. ಕೋರ್ಸನ್ನು ಎರಡು ವರ್ಷಕ್ಕೆ ವಿಸ್ತರಿಸಿತು. ಆಗ ರೂಪುಗೊಂಡ ಪಠ್ಯಕ್ರಮ ಚೌಕಟ್ಟಿನಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆಗೆಂದೇ ಒಂದು ಪತ್ರಿಕೆ ಇದೆ, 20 ವಾರಗಳ ಶಾಲಾ ಅನುಭವವೂ ಇದೆ. 'ವಿಮರ್ಶಾತ್ಮಕ' ಎಂದು ಹೆಸರಿನಲ್ಲೇ ಇದ್ದರೂ ಕಲಿಕೆ ಹಲವೆಡೆ ಸ್ಲೈಡು ತಯಾರಿಸುವುದರಲ್ಲಿ ಮುಗಿಯುತ್ತದೆ. ಇದಕ್ಕಿಂತ ಉಪಯುಕ್ತವಾದ ಚೌಕಟ್ಟೊಂದು ಲಭ್ಯವಿದೆ. ವಿಷಯವನ್ನು ಬಲ್ಲವರೆಲ್ಲ ಅದನ್ನು ಕಲಿಸಲಾರರು, ಪ್ರತಿ ವಿಷಯಕ್ಕೂ ಅದರದೇ ಬೋಧನಾಜ್ಞಾನ ಬೇಕು ಎಂದು ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಭಿನ್ನರಾಶಿ ಗೊತ್ತಿರುವುದು ಒಂದು, ಭಿನ್ನರಾಶಿಯಲ್ಲಿ ಹತ್ತು ವರ್ಷದ ಮಗು ಎಲ್ಲಿ ಎಡವುತ್ತದೆ ಎಂದು ಗೊತ್ತಿರುವುದು ಇನ್ನೊಂದು. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಇದಕ್ಕೆ ತಂತ್ರಜ್ಞಾನವನ್ನು ಜೋಡಿಸಿದರು. ವಿಷಯ, ಬೋಧನೆ, ತಂತ್ರಜ್ಞಾನ ಎಂಬ ಮೂರು ವೃತ್ತಗಳು ಒಂದನ್ನೊಂದು ಹಾಯುವ ಜಾಗದಲ್ಲಿ ನಿಂತು ಯೋಚಿಸಬೇಕು ಎಂಬುದು ಅವರ ಮಾತಿನ ಸಾರ. ಪಠ್ಯಪುಸ್ತಕಗಳು ಆ ಮೂರು ವೃತ್ತಗಳ ಚಿತ್ರವನ್ನು ಅಚ್ಚು ಹಾಕುತ್ತವೆ, ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದರ ನಿಜವಾದ ಅರ್ಥ ತಿಳಿಯಬೇಕಾದರೆ ಒಂದು ಪ್ರಶ್ನೆಯನ್ನು ಹಿಡಿದು ಕೂರಬೇಕು.

ಪ್ರಶ್ನೆ ಹೀಗಿರಲಿ: 0.6, 0.62, 0.125, 0.09, ಇವುಗಳಲ್ಲಿ ಅತಿ ದೊಡ್ಡದು ಯಾವುದು?

ಸರಿಯುತ್ತರ 0.62. ಈ ಪ್ರಶ್ನೆಯ ಜೀವ ಇರುವುದು ಉಳಿದ ಮೂರರಲ್ಲಿ. 0.125ನ್ನು ಆರಿಸಿದ ಮಗು ದಶಾಂಶ ಬಿಂದುವಿನ ನಂತರದ ಭಾಗವನ್ನು ಪೂರ್ಣಸಂಖ್ಯೆಯೆಂದು ಓದುತ್ತಿದೆ. 125 ಎಂದರೆ 62ಕ್ಕಿಂತ ದೊಡ್ಡದಲ್ಲವೇ ಎಂಬುದು ಅದರ ತರ್ಕ. 0.6ನ್ನು ಆರಿಸಿದ ಮಗುವಿನ ತಪ್ಪು ಇದಕ್ಕೆ ನೇರ ವಿರುದ್ಧ. ಹತ್ತನೆಯ ಒಂದು ಭಾಗ ನೂರನೆಯ ಒಂದು ಭಾಗಕ್ಕಿಂತ ದೊಡ್ಡದು ಎಂದು ಅದು ಕಲಿತಿದೆ, ಆದ್ದರಿಂದ ಅಂಕಿಗಳು ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದೆಂದು ತೀರ್ಮಾನಿಸಿದೆ. 0.09ನ್ನು ಆರಿಸಿದ ಮಗು ನಡುವಿನ ಸೊನ್ನೆಯ ಸ್ಥಾನಬೆಲೆಯನ್ನು ಬಿಟ್ಟು 9 ಎಂಬ ದೊಡ್ಡ ಅಂಕಿಯನ್ನಷ್ಟೇ ನೋಡಿದೆ. ಮೂರೂ ತಪ್ಪೇ, ಆದರೆ ಮೂರು ಬೇರೆ ಬೇರೆ ತಪ್ಪುಗಳು. ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ ಬರೆದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಮೊದಲ ಮಗುವಿಗೆ ಸ್ಥಾನಬೆಲೆಯ ಕೋಷ್ಟಕ ಬೇಕು. ಎರಡನೆಯದಕ್ಕೆ ಆರು ಹತ್ತನೆಯ ಭಾಗವೆಂದರೆ ಅರವತ್ತು ನೂರನೆಯ ಭಾಗ ಎಂದು ಚೌಕಳಿ ಹಾಳೆಯಲ್ಲಿ ಬಣ್ಣ ಹಾಕಿ ನೋಡುವ ಅವಕಾಶ ಬೇಕು. ಪ್ರಶ್ನೆಯಲ್ಲಿ ಭಾಷೆ ಎಷ್ಟು ಕಡಿಮೆ ಇದೆ ಎಂಬುದನ್ನೂ ಗಮನಿಸಿ. ತುಳು ಮನೆಮಾತಿನ ಹುಡುಗನೂ ಕಲಬುರಗಿಯ ಹುಡುಗಿಯೂ ಇಲ್ಲಿ ಎಡವಿದರೆ ಅದು ಗಣಿತದ ಎಡವುವಿಕೆಯೇ ಎಂದು ಹೆಚ್ಚುಕಡಿಮೆ ನಂಬಬಹುದು.

ಇಷ್ಟು ಸಿದ್ಧವಾದ ಮೇಲೆ ತಂತ್ರಜ್ಞಾನ ಬರಲಿ. ಪ್ಲಿಕರ್ಸ್ ಎಂಬ ಸಾಧನಕ್ಕೆ ಶಿಕ್ಷಕರ ಕೈಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಸಾಕು, ಮಕ್ಕಳ ಕೈಯಲ್ಲಿ ಕಾಗದದ ಕಾರ್ಡು. ಪ್ರತಿ ಕಾರ್ಡಿನಲ್ಲೂ ಕ್ಯೂಆರ್ ಕೋಡನ್ನು ಹೋಲುವ ಕಪ್ಪು ಆಕೃತಿ ಇರುತ್ತದೆ, ಒಂದು ಕಾರ್ಡಿನ ಆಕೃತಿ ಇನ್ನೊಂದರಲ್ಲಿ ಇರುವುದಿಲ್ಲ. ಆಕೃತಿಯ ನಾಲ್ಕು ಅಂಚುಗಳಲ್ಲಿ ಎ, ಬಿ, ಸಿ, ಡಿ ಎಂದು ಸಣ್ಣಗೆ ಬರೆದಿರುತ್ತದೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ಶಿಕ್ಷಕಿ ಮೊಬೈಲಿನ ಕ್ಯಾಮೆರಾವನ್ನು ತರಗತಿಯ ಉದ್ದಕ್ಕೂ ನಿಧಾನವಾಗಿ ತಿರುಗಿಸಿದರೆ, ಯಾವ ಕಾರ್ಡು ಎಂಬುದರಿಂದ ಮಗುವನ್ನೂ, ಅದು ಯಾವ ಕಡೆಗೆ ತಿರುಗಿದೆ ಎಂಬುದರಿಂದ ಉತ್ತರವನ್ನೂ ಆ್ಯಪ್ ಗುರುತಿಸುತ್ತದೆ. ಪಕ್ಕದ ಕಾರ್ಡಿನ ಆಕೃತಿ ಬೇರೆಯಾದ್ದರಿಂದ ನಕಲು ಸುಲಭವಲ್ಲ. ಕೈ ಎತ್ತಲು ಅಂಜುವ ಮಗುವೂ ಉತ್ತರ ಕೊಡುತ್ತದೆ, ತಪ್ಪಿದರೆ ಯಾರೂ ನಗುವುದಿಲ್ಲ. ನಲವತ್ತು ಉತ್ತರಗಳು ಕೈಗೆ ಬರಲು ಒಂದು ನಿಮಿಷವೂ ಬೇಡ. ಕಾರ್ಡುಗಳನ್ನು ಸಾಮಾನ್ಯ ಹಾಳೆಯಲ್ಲಿ ಮುದ್ರಿಸಿ ರಟ್ಟಿಗೆ ಅಂಟಿಸಿದರೆ ಆಯಿತು. ಹೊಳಪಿನ ಲ್ಯಾಮಿನೇಷನ್ ಮಾಡಿಸಬೇಡಿ, ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ತಡವರಿಸುತ್ತದೆ.

ಉತ್ತರಗಳು ಬಂದ ಮೇಲೆ ಏನು ಮಾಡಬೇಕು ಎಂಬುದು ಆ್ಯಪ್ ಹೇಳಿಕೊಡುವ ಸಂಗತಿಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಎರಿಕ್ ಮಜೂರ್ 1991ರಿಂದ ಬಳಸುತ್ತ ಬಂದ ಸಹಪಾಠಿ ಬೋಧನೆಯ ಕ್ರಮ ಇಲ್ಲಿ ನೆರವಾಗುತ್ತದೆ. ಸುಮಾರು ಶೇ 30ರಿಂದ 70ರಷ್ಟು ಮಂದಿ ಸರಿಯುತ್ತರ ಕೊಟ್ಟಿದ್ದರೆ, ಸರಿ ಯಾವುದೆಂದು ಹೇಳದೆ, ಪಕ್ಕದವರಿಗೆ ನಿಮ್ಮ ಕಾರಣವನ್ನು ವಿವರಿಸಿ ಎಂದು ಎರಡು ಮೂರು ನಿಮಿಷ ಬಿಡುವುದು, ಬಳಿಕ ಮತ್ತೆ ಉತ್ತರ ಕೇಳುವುದು. ಅದಕ್ಕಿಂತ ಕಡಿಮೆ ಇದ್ದರೆ ಚರ್ಚೆಯಿಂದ ಫಲವಿಲ್ಲ, ಬೇರೆ ದಾರಿಯಿಂದ ಮತ್ತೆ ಕಲಿಸಬೇಕು. ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಬಹುದು. ಬಹುಭಾಷಾ ತರಗತಿಯಲ್ಲಿ ಈ ಚರ್ಚೆಗೆ ಇನ್ನೊಂದು ಗುಣವಿದೆ. ಮಕ್ಕಳು ತಮ್ಮದೇ ಕನ್ನಡದಲ್ಲಿ, ಬೇಕಾದರೆ ತುಳು ಹಿಂದಿಗಳಲ್ಲೂ ಒಬ್ಬರಿಗೊಬ್ಬರು ವಿವರಿಸಿಕೊಳ್ಳುತ್ತಾರೆ. ಅದನ್ನು ತಡೆಯಬೇಡಿ. ಪಾಠದ ಪರಿಭಾಷೆಯನ್ನು ಕೊನೆಯಲ್ಲಿ ಕೂಡಿಸಿದರೆ ಸಾಕು.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನೂ ಕಲಿಯಬೇಕು. ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ತೆರೆಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಕಾರ್ಡು ತಿರುಗಿಸುವ ಕ್ರಿಯೆಯೇ ಈ ಕಾಯುವಿಕೆಯನ್ನು ಕಡ್ಡಾಯ ಮಾಡುತ್ತದೆ. ಮೊಬೈಲಿಗೆ ನೆಟ್‌ವರ್ಕ್ ಸಿಗದ ದಿನ ಸ್ಲೇಟಿನ ಮೇಲೆ ಉತ್ತರ ಬರೆಸಿ ಒಮ್ಮೆಗೇ ಎತ್ತಿ ಹಿಡಿಸಿದರೂ ಕೆಲಸ ನಡೆಯುತ್ತದೆ. ಯಾವ ಮಗು ಯಾವ ತಪ್ಪನ್ನು ಹಿಂದಿನ ವಾರವೂ ಮಾಡಿತ್ತು ಎಂಬ ದಾಖಲೆ ಮಾತ್ರ ಸ್ಲೇಟಿನಲ್ಲಿ ಉಳಿಯುವುದಿಲ್ಲ.

ವಿಜ್ಞಾನ ಕಲಿಸುವವರಿಗೆ, ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಲು ಬಿಡುವ ಫೆಟ್ ಸಿಮ್ಯುಲೇಷನ್‌ಗಳನ್ನು ವಿಶೇಷವಾಗಿ ಸೂಚಿಸುತ್ತೇನೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೈಮನ್ ಮರುವರ್ಷವೇ ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಉಚಿತವಾಗಿ ಸಿಗುತ್ತದೆ, ಕನ್ನಡ ಮರಾಠಿಗಳಿಗೂ ಅನುವಾದಗೊಂಡಿದೆ, ಒಮ್ಮೆ ಕಡತವನ್ನು ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ಆದರೆ ಇದನ್ನು ಪರದೆಯ ಮೇಲೆ ಬರೀ ಓಡಿಸಿ ತೋರಿಸಿದರೆ ಅದು ಮತ್ತೊಂದು ವಿಡಿಯೊ ಅಷ್ಟೇ. ವಿದ್ಯುತ್ ಮಂಡಲದ ಸಿಮ್ಯುಲೇಷನ್‌ನಲ್ಲಿ ಒಂದೇ ರೀತಿಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಹಾಕುವ ಮುನ್ನ ನಿಲ್ಲಿ. ಯಾವ ಬಲ್ಬು ಹೆಚ್ಚು ಬೆಳಗುತ್ತದೆ, ಏಕೆ ಎಂದು ಪ್ರತಿಯೊಬ್ಬರಿಂದಲೂ ಬರೆಸಿ. ಮೊದಲ ಬಲ್ಬು ವಿದ್ಯುತ್ತಿನ ಒಂದಷ್ಟು ಪಾಲನ್ನು ಖರ್ಚು ಮಾಡುತ್ತದೆ, ಹಾಗಾಗಿ ಎರಡನೆಯದು ಮಂಕಾಗುತ್ತದೆ ಎಂದು ಹಲವರು ಬರೆಯುತ್ತಾರೆ. ಇದು ಜಗತ್ತಿನ ಎಲ್ಲ ಕಡೆ ಮಕ್ಕಳಲ್ಲಿ ಕಾಣುವ ಕಲ್ಪನೆ. ಬಳಿಕ ಸ್ವಿಚ್ ಹಾಕಿದರೆ ಎರಡೂ ಸಮನಾಗಿ ಬೆಳಗುತ್ತವೆ. ತಾನು ಬರೆದದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವನ್ನು ಮಗು ವಿವರಿಸಬೇಕು. ಊಹಿಸು, ನೋಡು, ವಿವರಿಸು ಎಂಬ ಈ ಮೂರು ಹೆಜ್ಜೆಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದೆರಡಕ್ಕೆ ಬಲವಿಲ್ಲ.

ಶಾಲೆಯಲ್ಲಿ ಗಣಕಯಂತ್ರದ ಕೋಣೆ ಇದ್ದರೆ ಗೂಗಲ್ ಫಾರ್ಮ್ಸ್‌ನ ಒಂದು ಸೌಲಭ್ಯವನ್ನು ಕಲಿಯಿರಿ. ಆರಿಸಿದ ಉತ್ತರಕ್ಕೆ ತಕ್ಕಂತೆ ಮಗುವನ್ನು ಬೇರೆ ಬೇರೆ ವಿಭಾಗಕ್ಕೆ ಕಳುಹಿಸಬಹುದು. 0.125ನ್ನು ಆರಿಸಿದವರಿಗೆ ಸ್ಥಾನಬೆಲೆಯ ಚಿತ್ರ, 0.6ನ್ನು ಆರಿಸಿದವರಿಗೆ ಚೌಕಳಿ ಹಾಳೆ, ಇಬ್ಬರಿಗೂ ಕೊನೆಯಲ್ಲಿ ಅದೇ ಬಗೆಯ ಇನ್ನೊಂದು ಪ್ರಶ್ನೆ. ಇದನ್ನು ಕಟ್ಟಲು ಅರ್ಧ ದಿನ ಹಿಡಿಯಬಹುದು, ಆದರೆ ವರ್ಷವರ್ಷವೂ ಬಳಕೆಗೆ ಬರುತ್ತದೆ.

ಕನ್ನಡದಲ್ಲಿ ಇದನ್ನು ಮಾಡಹೊರಟವರು ಅಕ್ಷರಸಂಕೇತದ ತೊಡಕನ್ನು ಮೊದಲೇ ತಿಳಿದಿರಬೇಕು. ಹಿರಿಯ ಶಿಕ್ಷಕರ ಬಳಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಗಳ ರಾಶಿಯೇ ಇರುತ್ತದೆ. ಆ ಹಳೆಯ ಕ್ರಮದಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಲಾಗಿತ್ತು. ಅದೇ ಫಾಂಟು ಇರುವ ಯಂತ್ರದಲ್ಲಿ ಕನ್ನಡ ಕಾಣುತ್ತದೆ. ಫಾರ್ಮ್ಸ್‌ಗೋ ಮೊಬೈಲಿಗೋ ನಕಲಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಸಿಗುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಎಲ್ಲ ಲಿಪಿಗಳಿಗೂ ಒಂದೇ ಆದ ಆ ಸಂಕೇತಕ್ರಮದಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಆದರೆ ಪರಿವರ್ತನೆಯ ನಂತರ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ಪರಿಶೀಲಿಸಬೇಕು. ಹೊಸದಾಗಿ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆಯಿರಿ. ಬೆರಳಚ್ಚು ಕಷ್ಟವಾದರೆ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಧ್ವನಿಯಿಂದ ಬರೆಸಿ ತಿದ್ದಿಕೊಳ್ಳಬಹುದು. ಪಠ್ಯ ಸಂಪಾದನೆ, ಲೆಕ್ಕಹಾಳೆ ಮುಂತಾದ ಮೂಲಭೂತ ಕೌಶಲಗಳಿಗೆ ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳಿವೆ. ಅವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮದೇ ಊರಿನ ಈ ಸಂಪತ್ತು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇನ್ನಷ್ಟು ಪರಿಚಯವಾಗಬೇಕು.

ತೋರಿಸುವ ಸಾಧನಗಳ ಬಗ್ಗೆ ಎರಡೇ ಮಾತು. ಶೈಕ್ಷಣಿಕ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಸಂಶೋಧನೆಗಳ ಪ್ರಕಾರ, ಚಿತ್ರದ ಜೊತೆಗೆ ವಿವರಣೆಯನ್ನು ಕಿವಿಗೆ ಕೊಡುತ್ತಿರುವಾಗ ಅದೇ ವಾಕ್ಯಗಳನ್ನು ಪರದೆಯ ಮೇಲೂ ತುಂಬಿದರೆ ಕಲಿಕೆಗೆ ತೊಡಕಾಗುತ್ತದೆ. ಸ್ಲೈಡಿನಲ್ಲಿರುವುದನ್ನು ಗಟ್ಟಿಯಾಗಿ ಓದುವುದು ಪಾಠವಲ್ಲ. ಇನ್ನೊಂದು, ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಹಿಂದಿನ ಬೆಂಚಿಗೆ 'ಸತ್ಯ'ವೂ 'ಸತ್ತ'ವೂ ಒಂದೇ ಆಗಿ ಕಾಣಬಹುದು. ನೋಟೊ ಸಾನ್ಸ್ ಕನ್ನಡ ಅಥವಾ ಮುಂಬಯಿಯದೇ ಆದ ಏಕ್ ಟೈಪ್ ತಂಡ ರೂಪಿಸಿದ 'ಬಾಲೂ ತಮ್ಮ' ಎಂಬ ಫಾಂಟನ್ನು ದೊಡ್ಡ ಗಾತ್ರದಲ್ಲಿ ಬಳಸಿ, ತರಗತಿಯ ಕೊನೆಯ ಸಾಲಿಗೆ ಹೋಗಿ ನೀವೇ ಓದಿ ನೋಡಿ.

ಸಿದ್ಧ ಸಾಮಗ್ರಿಯ ಮಾತು ಬಂದರೆ ಕೇಂದ್ರ ಸರ್ಕಾರದ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಹೆಸರು ಬರುತ್ತದೆ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಇದರಲ್ಲಿ ರಾಜ್ಯ, ಮಾಧ್ಯಮ, ತರಗತಿಗಳನ್ನು ಆರಿಸಿ ಪಾಠಗಳನ್ನು ಪಡೆಯಬಹುದು, ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಮೂಲಕವೂ ಹೋಗಬಹುದು. ಮುಂಬಯಿಯ ಕನ್ನಡ ಶಿಕ್ಷಕರ ಇಕ್ಕಟ್ಟು ಇರುವುದು ಇಲ್ಲಿ. ನಮ್ಮ ಮಕ್ಕಳು ಓದುವುದು ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲಿ ಪ್ರಕಟಿಸುವ ಮಹಾರಾಷ್ಟ್ರ ಪಠ್ಯಕ್ರಮವನ್ನು. ಕನ್ನಡದಲ್ಲಿ ಧಾರಾಳವಾಗಿ ಸಿಗುವುದು ಕರ್ನಾಟಕ ಪಠ್ಯಕ್ರಮಕ್ಕೆಂದು ತಯಾರಾದ ವಿಡಿಯೊಗಳು. ಎರಡರಲ್ಲಿ ಪಾಠಗಳ ಅನುಕ್ರಮವೂ ಪರಿಭಾಷೆಯೂ ಒಂದೇ ಆಗಿರಬೇಕೆಂದಿಲ್ಲ. ಇತಿಹಾಸ, ಭೂಗೋಳಗಳಲ್ಲಂತೂ ವಿಷಯವೇ ಬೇರೆ. ಕರ್ನಾಟಕದ ವಿಡಿಯೊವನ್ನು ಇಡಿಯಾಗಿ ಹಾಕುವ ಬದಲು ಬೇಕಾದ ಎರಡು ನಿಮಿಷದ ಭಾಗವನ್ನು ಗುರುತಿಸಿಕೊಂಡು, ಅದಕ್ಕೆ ಮುನ್ನ ಒಂದು ಪ್ರಶ್ನೆ ಕೇಳಿ, ನಂತರ ಬಾಲಭಾರತಿಯ ಪಾಠಕ್ಕೆ ಕೊಂಡಿ ಹಾಕುವುದು ಜಾಣತನ.

ಮನೆಗೆ ಕಳಿಸುವ ಕೆಲಸದಲ್ಲಿ ಇನ್ನೊಂದು ವಾಸ್ತವವಿದೆ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಹಗಲಿಡೀ ತಂದೆಯ ಜೇಬಿನಲ್ಲಿರುತ್ತದೆ. ಹೋಟೆಲ್ ಮುಚ್ಚಿ ಅವರು ಮರಳುವ ಹೊತ್ತಿಗೆ ಮಗು ಮಲಗಿರುತ್ತದೆ. ಸಂಜೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ ಮರುದಿನ ಬೆಳಗ್ಗೆ ಉತ್ತರ ಕೇಳುವುದು ಆ ಮಗುವಿಗೆ ಮಾಡುವ ಅನ್ಯಾಯ. ವಾರಾಂತ್ಯದವರೆಗೆ ಅವಧಿ ಕೊಡಿ, ಓದಲು ಬಾರದ ತಾಯಂದಿರೂ ಕೇಳುವಂತೆ ಧ್ವನಿಸಂದೇಶ ಕಳುಹಿಸಿ. ಪಾಲಕರ ಗುಂಪಿನಲ್ಲಿ ಅಂಕಪಟ್ಟಿಯ ಫೋಟೊ ಹಾಕುವ ರೂಢಿಯನ್ನು ಹೊಸ ಶಿಕ್ಷಕರಾದರೂ ಮುರಿಯಬೇಕು. ಒಂದು ಮಗುವಿನ ಅಂಕ ಇನ್ನೊಬ್ಬರ ಮನೆಯ ಚರ್ಚೆಯಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ, ಅವರ ದತ್ತಾಂಶದ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಮುಖ್ಯವಾಗಿಸುತ್ತದೆ. ಪ್ಲಿಕರ್ಸ್‌ನಂಥ ಆ್ಯಪ್‌ನಲ್ಲಿ ಪೂರ್ಣ ಹೆಸರು, ಜನ್ಮದಿನಾಂಕ ಯಾವುದೂ ಬೇಡ, ಹಾಜರಿ ಸಂಖ್ಯೆ ಸಾಕು. ಅದು ಯಾರದೆಂಬ ಪಟ್ಟಿ ನಿಮ್ಮ ಪುಸ್ತಕದಲ್ಲಿರಲಿ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಪಾಠ ಯೋಜನೆಗೆ ಬಳಸುವುದು ಈಗ ಸಾಮಾನ್ಯವಾಗಿದೆ. ಇಡೀ ಪಾಠ ಯೋಜನೆಯನ್ನು ಬರೆಸಿಕೊಂಡರೆ ಪ್ರಶಿಕ್ಷಣಾರ್ಥಿ ಕಲಿಯಬೇಕಾದ ಯೋಚನೆಯೇ ಕೈತಪ್ಪುತ್ತದೆ. ಬದಲಿಗೆ, ಈ ಪ್ರಶ್ನೆಗೆ ಮಕ್ಕಳು ಕೊಡಬಹುದಾದ ತಪ್ಪುತ್ತರಗಳು ಯಾವುವು, ಪ್ರತಿಯೊಂದರ ಹಿಂದಿನ ತರ್ಕವೇನು ಎಂದು ಕೇಳಿ. ಬಂದ ಪಟ್ಟಿಯಲ್ಲಿ ನಿಮಗೆ ಹೊಳೆಯದ ಒಂದೆರಡು ಸಿಗಬಹುದು. ಈ ಯಂತ್ರಗಳು ಅಪಾರ ಪಠ್ಯದಿಂದ ಕಲಿತು, ಮುಂದೆ ಯಾವ ಪದ ಬರಬಹುದೆಂದು ಅಂದಾಜಿಸುತ್ತ ಬರೆಯುತ್ತವೆ. ಕನ್ನಡದ ಪಠ್ಯ ಅಂತರ್ಜಾಲದಲ್ಲಿ ಇಂಗ್ಲಿಷಿಗಿಂತ ಬಹಳ ಕಡಿಮೆ ಇರುವುದರಿಂದ ಕನ್ನಡದಲ್ಲಿ ತಪ್ಪುಗಳು ಹೆಚ್ಚು, ಅದೂ ನಯವಾದ ವಾಕ್ಯಗಳೊಳಗೆ ಅಡಗಿರುತ್ತವೆ. ಲೆಕ್ಕವನ್ನು ನೀವೇ ಬಿಡಿಸಿ ನೋಡಿ, ಪರಿಭಾಷೆಯನ್ನು ಬಾಲಭಾರತಿಯ ಪುಸ್ತಕದೊಂದಿಗೆ ತಾಳೆ ಹಾಕಿ, ಮಕ್ಕಳ ಹೆಸರು ವಿವರಗಳನ್ನು ಅದಕ್ಕೆ ಕೊಡಬೇಡಿ.

ಅಭ್ಯಾಸ ಪಾಠಗಳಿಗೆ ಅಂಕ ಕೊಡುವ ಮಾರ್ಗದರ್ಶಕರಲ್ಲೂ ಒಂದು ವಿನಂತಿ. ಪ್ರೊಜೆಕ್ಟರ್ ಬಳಸಿದ್ದಕ್ಕೆ ಅಂಕ ಕೊಡುವುದನ್ನು ಬಿಟ್ಟು, ಮಕ್ಕಳ ಉತ್ತರ ನೋಡಿ ಪಾಠದ ನಡುವೆ ಏನನ್ನು ಬದಲಿಸಿದಿರಿ ಎಂದು ಕೇಳಿ. ಪ್ರಶಿಕ್ಷಣಾರ್ಥಿಗಳು ತಮ್ಮ ಪಾಠ ಟಿಪ್ಪಣಿಯಲ್ಲಿ ಬೋಧನೋಪಕರಣಗಳ ಅಂಕಣದ ಪಕ್ಕದಲ್ಲೇ ಇದಕ್ಕೊಂದು ಅಂಕಣ ಹಾಕಿಕೊಳ್ಳಬಹುದು.

ಮುಂಬಯಿಯಲ್ಲಿ ಮಾತ್ರವಲ್ಲ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳ ಕನ್ನಡ ಶಾಲೆಗಳಲ್ಲೂ ಇದೇ ಬಾಲಭಾರತಿ ಪುಸ್ತಕಗಳಿವೆ, ಆ ಕಡೆಯ ಪ್ರಶಿಕ್ಷಣಾರ್ಥಿಗಳಿಗೂ ಇದೇ ಕೊರತೆಗಳಿವೆ. ಎಲ್ಲರೂ ಸೇರಿ ಒಂದು ಹಂಚಿಕೆಯ ಲೆಕ್ಕಹಾಳೆಯನ್ನು ತೆರೆಯಬಹುದು. ತರಗತಿ, ಪಾಠ, ಪ್ರಶ್ನೆ, ನಾಲ್ಕು ಆಯ್ಕೆಗಳು, ಪ್ರತಿ ತಪ್ಪು ಆಯ್ಕೆಯ ಹಿಂದಿನ ಕಲ್ಪನೆ, ಆ ಕಲ್ಪನೆಯನ್ನು ಮಗು ತನ್ನ ಮಾತಿನಲ್ಲಿ ಹೇಗೆ ಹೇಳಿತು, ಯಾವ ಚಟುವಟಿಕೆಯಿಂದ ತಿದ್ದಿತು, ಹೀಗೆ ಸಾಲು ಸಾಲಾಗಿ, ಯೂನಿಕೋಡ್ ಕನ್ನಡದಲ್ಲಿ, ಮಗುವಿನ ಹೆಸರಿಲ್ಲದೆ. ಒಬ್ಬೊಬ್ಬರು ತಮ್ಮ ಇಂಟರ್ನ್‌ಶಿಪ್ಪಿನಲ್ಲಿ ವಾರಕ್ಕೆ ಒಂದೇ ಪ್ರಶ್ನೆ ಸೇರಿಸಿದರೂ, ಮುಂದಿನ ವರ್ಷ ಶಾಲೆಗೆ ಕಾಲಿಡುವವರು ದಶಾಂಶದ ಪಾಠಕ್ಕೆ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.